ಅರಾಮಿಕ್‌ನಲ್ಲಿ ದೇವರಿಗೆ ಏನನ್ನುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಶುಭ ಶುಕ್ರವಾರ ಹತ್ತಿರವಾಗುತ್ತಿದ್ದಂತೆ ಮೊಬೈಲಿನಿಂದ ಮೊಬೈಲಿಗೆ ಒಂದು ಸಂದೇಶ ಸುತ್ತತೊಡಗುತ್ತದೆ: ‘ಯೇಸು ಆಡಿದ ಅರಾಮಿಕ್ ಭಾಷೆಯಲ್ಲಿ ಈ ಪದದ ನಿಜವಾದ ಅರ್ಥ ನಿಮಗೆ ಗೊತ್ತೇ?’ ಅದರ ಕೆಳಗೆ ಬರೆದಿರುವುದರಲ್ಲಿ ಅರ್ಧ ಸರಿ, ಉಳಿದರ್ಧ ಕಟ್ಟುಕಥೆ. ಅದನ್ನು ಓದಿದವರು ನನ್ನನ್ನು ಕೇಳಿದ, ಈಗಲೂ ಕೇಳುತ್ತಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಅರಾಮಿಕ್ ಪದಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಗಂಟಲಿನ ಆಳದಿಂದ ಹೊರಡುವ ಒಂದೆರಡು ಧ್ವನಿಗಳಿಗೆ ನಮ್ಮಲ್ಲಿ ಅಕ್ಷರವಿಲ್ಲ. ಅಲ್ಲೆಲ್ಲ ‘ಹ’ ಮತ್ತು ‘ಅ’ ಇಟ್ಟುಕೊಂಡೇ ಕೆಲಸ ಸಾಗಿಸಿದ್ದೇನೆ.

ಅರಾಮಿಕ್ ಎಂದರೆ ಹೀಬ್ರೂ ಭಾಷೆಯೇ ಅಲ್ಲವೇ?

ಅಲ್ಲ. ಕನ್ನಡ, ತಮಿಳುಗಳಂತೆ ಅವೆರಡೂ ಒಡಹುಟ್ಟಿದವು, ಆದರೆ ಬೇರೆ ಬೇರೆ. ಸುಮಾರು 3000 ವರ್ಷಗಳ ಹಿಂದೆ ಇಂದಿನ ಸಿರಿಯಾದ ಸುತ್ತ ನೆಲೆಸಿದ್ದ ಅರಾಮ್ಯರ ಭಾಷೆ ಇದು. ಅಶ್ಶೂರದ, ಅಂದರೆ ಅಸ್ಸೀರಿಯದ ಅರಸರು, ಅವರ ನಂತರ ಪರ್ಷಿಯದ ಅರಸರು ಇದನ್ನು ಕಚೇರಿಯ ಭಾಷೆಯಾಗಿ ಬಳಸಿದರು. ಅರಮನೆಯವರ ಮನೆಮಾತು ಬೇರೆ, ಊರಿನವರ ಮಾತು ಬೇರೆ, ದಫ್ತರದ ಬರಹ ಮಾತ್ರ ಅರಾಮಿಕ್. ಆದಿಲ್‌ಶಾಹಿಗಳ ಕಾಲದಲ್ಲಿ ಬಿಜಾಪುರದ ದಫ್ತರದಲ್ಲಿ ಪಾರಸಿ ಕುಳಿತಿದ್ದ ಹಾಗೆ.

ಬೈಬಲಿನ ಅರಸುಗಳ ಎರಡನೆಯ ಪುಸ್ತಕದಲ್ಲಿ ಒಂದು ಪ್ರಸಂಗವಿದೆ. ಅಶ್ಶೂರದ ಸೇನಾಧಿಕಾರಿ ಜೆರುಸಲೇಮಿನ ಗೋಡೆಯ ಕೆಳಗೆ ನಿಂತು ಬೆದರಿಕೆ ಹಾಕುತ್ತಾನೆ. ಯೂದಾಯದ ಅಧಿಕಾರಿಗಳು ಅವನನ್ನು ಬೇಡಿಕೊಳ್ಳುತ್ತಾರೆ: ದಯವಿಟ್ಟು ಅರಾಮಿಕ್‌ನಲ್ಲಿ ಮಾತನಾಡು, ನಮಗೆ ಅರ್ಥವಾಗುತ್ತದೆ, ಗೋಡೆಯ ಮೇಲಿರುವ ಜನರಿಗೆ ಕೇಳುವಂತೆ ನಮ್ಮ ಭಾಷೆಯಲ್ಲಿ ಆಡಬೇಡ. ಆಗ ಅದು ಜನಸಾಮಾನ್ಯರಿಗೆ ತಿಳಿಯದ ಮಾತು. ಯೇಸುವಿನ ಕಾಲಕ್ಕೆ ಅವನ ಸೀಮೆಯಾದ ಗಲಿಲಾಯದ ಮೀನುಗಾರರ ಮನೆಮಾತೇ ಅದಾಗಿತ್ತು.

ಹಾಗಾದರೆ ದೇವರಿಗೆ ಪದ ಯಾವುದು?

ಎಲಾಹ್. ಕೊನೆಗೆ ‘ಆ’ ಸೇರಿದರೆ ಎಲಾಹಾ, ಅಂದರೆ ‘ಆ ದೇವರು’. ಅರಾಮಿಕ್‌ನಲ್ಲಿ ನಾಮಪದಕ್ಕೆ ನಿಶ್ಚಿತಾರ್ಥ ಬರುವುದು ಈ ಬಾಲದಿಂದ: ಮಲ್ಕ್ ಎಂದರೆ ಅರಸ, ಮಲ್ಕಾ ಎಂದರೆ ಗೊತ್ತಿರುವ ಆ ಅರಸ. ಕಾಲ ಕಳೆದಂತೆ ಪೂರ್ವದ ಕಡೆ ಈ ಬಾಲ ಅರ್ಥ ಕಳೆದುಕೊಂಡು ಪದಕ್ಕೇ ಅಂಟಿಕೊಂಡಿತು. ಹೀಗಾಗಿ ಕ್ರೈಸ್ತರ ಅರಾಮಿಕ್ ಆದ ಸುರಿಯಾನಿಯಲ್ಲಿ ದೇವರು ‘ಅಲಾಹಾ’. ಪಶ್ಚಿಮದ ಸುರಿಯಾನಿಯವರ ಬಾಯಲ್ಲಿ ಅದೇ ‘ಅಲೋಹೋ’. ಸಿರಿಯಾದ ಮಾಲೂಲಾ ಹಳ್ಳಿಯಲ್ಲಿ ಇಂದು ಅದು ಸವೆದು ಬರೀ ‘ಅಲೋ’ ಆಗಿದೆ.

ಈ ಪದ ಒಬ್ಬನೇ ದೇವರಿಗೆ ಮೀಸಲು ಎಂದುಕೊಳ್ಳಬೇಡಿ. ಯೆರೆಮೀಯನ ಪುಸ್ತಕ ಪೂರ್ತಿ ಹೀಬ್ರೂವಿನಲ್ಲಿದೆ, ಹತ್ತನೆಯ ಅಧ್ಯಾಯದ 11ನೆಯ ವಚನವೊಂದನ್ನು ಬಿಟ್ಟು. ಅದೊಂದು ಮಾತ್ರ ಅರಾಮಿಕ್. ಭೂಮಿ, ಆಕಾಶಗಳನ್ನು ಉಂಟುಮಾಡದ ದೇವರುಗಳು ಭೂಮಿಯ ಮೇಲಿಂದ ಅಳಿದುಹೋಗುತ್ತವೆ ಎಂಬುದು ಅದರ ತಾತ್ಪರ್ಯ. ಅಲ್ಲಿ ಸುಳ್ಳು ದೇವರುಗಳಿಗೂ ‘ಎಲಾಹಯ್ಯಾ’ ಎಂಬ ಅದೇ ಪದದ ಬಹುವಚನ. ಆ ಪುಟ್ಟ ವಚನದಲ್ಲಿ ನನಗೆ ಇನ್ನೂ ಇಷ್ಟವಾದದ್ದು ಬೇರೆಯೇ ಇದೆ. ‘ಭೂಮಿ’ ಎನ್ನುವ ಪದ ಎರಡು ಸಲ ಬರುತ್ತದೆ: ಮೊದಲು ಹಳೆಯ ಕಾಗುಣಿತದಲ್ಲಿ ‘ಅರ್ಕಾ’, ಹತ್ತು ಪದ ದಾಟುವುದರೊಳಗೆ ಹೊಸ ಕಾಗುಣಿತದಲ್ಲಿ ‘ಅರ್ಆ’. ಭಾಷೆ ಮಗ್ಗುಲು ಬದಲಾಯಿಸುವ ಹೊತ್ತಿಗೆ ಯಾರೋ ಅದನ್ನು ಹಿಡಿದಿಟ್ಟಂತಿದೆ.

ಅಲಾಹಾ, ಅಲೋಹೋ: ಯಾವುದು ಸರಿ?

ಎರಡೂ ಸರಿ. ಉಚ್ಚಾರದ ಜಗಳ ಅರಾಮಿಕ್‌ನಲ್ಲಿ ಭಾಷೆಯಷ್ಟೇ ಹಳೆಯದು. ಮತ್ತಾಯನ ಸುವಾರ್ತೆಯಲ್ಲಿ ಯೇಸುವಿನ ಶಿಷ್ಯ ಪೇತ್ರ, ತಾನು ಅವನ ಕಡೆಯವನಲ್ಲ ಎಂದರೂ, ಸಿಕ್ಕಿಬೀಳುವುದು ಮಾತಿನ ಧಾಟಿಯಿಂದ. ಗಲಿಲಾಯದವರು ಗಂಟಲಿನ ಧ್ವನಿಗಳನ್ನು ಕಲಸುಮೇಲೋಗರ ಮಾಡುತ್ತಾರೆಂದು ಯೂದಾಯದವರಿಗೆ ತಾತ್ಸಾರ.

ಯೆಹೂದಿ ಗುರುಗಳ ಚರ್ಚೆಗಳ ಸಂಗ್ರಹವಾದ ಬ್ಯಾಬಿಲೋನಿನ ತಾಲ್ಮುದಿನಲ್ಲಿ ಇದರದೊಂದು ನಗೆಹನಿಯೇ ಇದೆ. ಗಲಿಲಾಯದವನೊಬ್ಬ ‘ಅಮರ್ ಯಾರಲ್ಲಿದೆ?’ ಎಂದು ಕೇಳುತ್ತಾ ಹೋಗುತ್ತಾನೆ. ಜನ ಗೇಲಿ ಮಾಡುತ್ತಾರೆ: ಎಲೋ ದಡ್ಡ, ನಿನಗೆ ಬೇಕಾದದ್ದು ಸವಾರಿಗೆ ಕತ್ತೆಯೋ, ಕುಡಿಯಲು ದ್ರಾಕ್ಷಾರಸವೋ, ಉಡಲು ಉಣ್ಣೆಯೋ, ಕೊಯ್ಯಲು ಕುರಿಮರಿಯೋ? ನಾಲ್ಕಕ್ಕೂ ಹಮಾರ್, ಹಮರ್, ಅಮರ್, ಇಮ್ಮರ್ ಎಂದು ಕೂದಲೆಳೆಯ ವ್ಯತ್ಯಾಸದ ಪದಗಳು. ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ‘ಹಾಲು’ ‘ಆಲು’ ಆಗುವುದನ್ನೂ ‘ಹಕ್ಕಿ’ ಹಾರಿಹೋಗಿ ‘ಅಕ್ಕಿ’ ಉಳಿಯುವುದನ್ನೂ ಕಂಡು ನಕ್ಕವರು, ನಗಿಸಿಕೊಂಡವರು ನಾವು. ಯೇಸು ಆಡಿದ್ದು ಆ ‘ಆಲು’ ಬಗೆಯ ಅರಾಮಿಕ್.

‘ಅಲಾಹಾ’ ಮತ್ತು ‘ಅಲ್ಲಾಹ್’ ಒಂದೇ ಪದವೇ?

ಒಂದೇ ಬೇರಿನವು. ಹೀಬ್ರೂವಿನ ಎಲೋಹ, ಎಲೋಹೀಮ್ ಕೂಡ ಆ ಬೇರಿನವೇ. ಅರಬ್ಬಿಯಲ್ಲಿ ‘ಇಲಾಹ್’ ಎಂದರೆ ದೇವರು. ಮುಂದೆ ‘ಅಲ್’ ಸೇರಿ ‘ಅಲ್ಲಾಹ್’ ಆಯಿತು ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಸುರಿಯಾನಿಯ ಅಲಾಹಾ ಇದರ ಮೇಲೆ ಪ್ರಭಾವ ಬೀರಿರಬಹುದು ಎನ್ನುವವರೂ ಇದ್ದಾರೆ. ಅರಬ್ಬಿ ಮಾತನಾಡುವ ಕ್ರೈಸ್ತರು ತಮ್ಮ ಬೈಬಲಿನಲ್ಲಿ, ಪೂಜೆಯಲ್ಲಿ ಬಳಸುವುದು ‘ಅಲ್ಲಾಹ್’ ಪದವನ್ನೇ. ಪದಗಳು ನಂಟರೆಂದ ಮಾತ್ರಕ್ಕೆ ಧರ್ಮಶಾಸ್ತ್ರಗಳು ಒಂದಾಗುವುದಿಲ್ಲ, ಬೇರೆಯೂ ಆಗುವುದಿಲ್ಲ. ಅದು ಭಾಷೆಯವರು ತೀರ್ಮಾನಿಸುವ ವಿಷಯವಲ್ಲ.

ದೇವರಿಗೆ ಬೇರೆ ಹೆಸರುಗಳಿಲ್ಲವೇ?

ಬೇಕಾದಷ್ಟಿವೆ. ತಾಲ್ಮುದಿನ ಯೆಹೂದಿ ಗುರುಗಳಿಗೆ ದೇವರು ‘ರಹಮಾನಾ’, ಕರುಣಾಳು. ‘ರಹಮಾನಾ ಲಿಬ್ಬಾ ಬಾಯೇ’ ಎಂಬುದು ಅವರ ಮಾತು: ಕರುಣಾಳುವಿಗೆ ಬೇಕಾದದ್ದು ಹೃದಯ. ಕುರಾನಿನ ‘ರಹಮಾನ್’ ಇದೇ ಕುಟುಂಬದ್ದು. ಬೇರಿನ ಅಕ್ಷರಗಳು ರ-ಹ-ಮ. ಅದೇ ಬೇರಿನಲ್ಲಿ ತಾಯಿಯ ಗರ್ಭಕ್ಕೂ ಹೆಸರಿದೆ. ನಮಗೆ ಕರುಣೆ ಇರುವುದು ಕರುಳಿನಲ್ಲಿ, ಪರರ ಕಷ್ಟ ಕಂಡರೆ ಚುರುಕ್ ಎನ್ನುವುದು ಅದೇ. ಅವರಿಗೆ ಅದಕ್ಕಿಂತ ಒಂದು ಗೇಣು ಕೆಳಗೆ.

ಒಡೆಯ ಎನ್ನಲು ‘ಮಾರಾ’. ‘ಮಾರನ್’ ಎಂದರೆ ನಮ್ಮೊಡೆಯ. ಪೌಲನ ಪತ್ರದಲ್ಲಿ ಬರುವ ‘ಮಾರನಾಥಾ’ ಇದರಿಂದಲೇ ಆದದ್ದು. ‘ಮಾರನ್ ಅಥಾ’ ಎಂದು ಬಿಡಿಸಿದರೆ ನಮ್ಮೊಡೆಯ ಬಂದಿದ್ದಾನೆ. ‘ಮಾರನಾ ಥಾ’ ಎಂದು ಬಿಡಿಸಿದರೆ ನಮ್ಮೊಡೆಯನೇ, ಬಾ. ಹಳೆಯ ಹಸ್ತಪ್ರತಿಗಳಲ್ಲಿ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲವಾದ್ದರಿಂದ ಈ ಚರ್ಚೆ ಮುಗಿಯುವಂಥದ್ದಲ್ಲ. ಸುರಿಯಾನಿ ಬೈಬಲಿನಲ್ಲಿ ‘ಮಾರ್ಯಾ’ ಎಂಬ ರೂಪ ಮಾತ್ರ ಪರಮೇಶ್ವರನಿಗೆ ಮೀಸಲು. ಮನೆಯ ಯಜಮಾನನಿಗೆ ಅದನ್ನು ಬಳಸುವುದಿಲ್ಲ.

ಇರಾಕ್, ಇರಾನ್ ಕಡೆಯ ಮಂದಾಯಿ ಪಂಥದವರದು ಇನ್ನೊಂದು ದಾರಿ. ಅವರ ಪ್ರಾರ್ಥನೆಗಳು ‘ಮಹಾ ಜೀವದ ಹೆಸರಿನಲ್ಲಿ’ ಎಂದು ಶುರುವಾಗುತ್ತವೆ. ಅವರಿಗೆ ದೇವರು ‘ಹಯ್ಯೀ ರಬ್ಬೀ’, ಮಹಾ ಜೀವ.

‘ಅಬ್ಬಾ’ ಎಂದರೆ ಮಕ್ಕಳು ಕರೆಯುವ ‘ಡ್ಯಾಡಿ’ ಅಂತೆ, ನಿಜವೇ?

ಇಲ್ಲ. ಇದು ಕಳೆದ ಶತಮಾನದ ಪ್ರವಚನಗಳಿಂದ ಹರಡಿದ ಮಾತು. ಜರ್ಮನ್ ವಿದ್ವಾಂಸ ಯೋಆಖಿಮ್ ಯೆರೆಮಿಯಾಸ್ ‘ಅಬ್ಬಾ’ದಲ್ಲಿರುವ ಸಲಿಗೆಗೆ ಒತ್ತು ಕೊಟ್ಟರು, ಕೇಳಿದವರು ಅದನ್ನು ತೊದಲುನುಡಿಯವರೆಗೂ ಎಳೆದರು. 1988ರಲ್ಲಿ ಜೇಮ್ಸ್ ಬಾರ್ ಲೇಖನ ಬರೆದು ಅದು ಹಾಗಲ್ಲವೆಂದು ತೋರಿಸಿದರು. ಅಬ್ಬಾ ಎನ್ನುವುದು ದೊಡ್ಡವರೂ ಬಳಸುತ್ತಿದ್ದ ಪದ. ಗಡ್ಡ ನರೆತ ಮಗನೂ ತಂದೆಯನ್ನು ಹಾಗೆಯೇ ಕರೆಯುತ್ತಿದ್ದ.

ಕನ್ನಡದವರಿಗೆ ಇದು ಇಂಗ್ಲಿಷಿನವರಿಗಿಂತ ಸುಲಭವಾಗಿ ದಕ್ಕಬೇಕು. ‘ಅಪ್ಪಾ’ ಎಂಬುದು ಮಗುವಿನ ಮಾತೂ ಹೌದು, ಅರವತ್ತರ ಮಗನ ಮಾತೂ ಹೌದು. ಅದರಲ್ಲಿ ಸಲಿಗೆಯೂ ಇದೆ, ಗೌರವವೂ ಇದೆ. ಆದರೆ ಅಪ್ಪ ಮತ್ತು ಅಬ್ಬಾ ಒಂದೇ ಮೂಲದವು ಎಂದು ಹೊರಡಬೇಡಿ. ಅರಾಮಿಕ್‌ನಲ್ಲಿ ತಾಯಿ ‘ಇಮ್ಮಾ’, ನಮ್ಮಲ್ಲಿ ‘ಅಮ್ಮ’. ಲೋಕದ ಕೂಸುಗಳೆಲ್ಲ ಮೊದಲು ಆಡುವುದು ತುಟಿ ಕೂಡಿಸುವ ಪ, ಬ, ಮಗಳನ್ನೇ. ಬೆರಗಾದಾಗ ನಾವು ಹೇಳುವ ‘ಅಬ್ಬಾ!’ಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಬರೆಯಬೇಕಾಗಿ ಬಂದಿದೆ, ಏಕೆಂದರೆ ಅದನ್ನೂ ಕೇಳಿದವರಿದ್ದಾರೆ.

ಶಿಲುಬೆಯ ಮೇಲಿನ ಮಾತು ಅರಾಮಿಕ್‌ನದೇ?

‘ಲಮಾ ಸಬಕ್ತಾನೀ’ ಅರಾಮಿಕ್. ‘ಶ್ಬಕ್’ ಎಂದರೆ ಬಿಟ್ಟುಬಿಡು, ಕೈಬಿಡು. ‘ನನ್ನನ್ನು ಏಕೆ ಕೈಬಿಟ್ಟೆ?’ 22ನೆಯ ಕೀರ್ತನೆಯ ಹೀಬ್ರೂ ಮೂಲದಲ್ಲಿ ಇದೇ ಮಾತು ‘ಅಜವ್ತಾನೀ’. ಅದಕ್ಕೆ ಮೊದಲು ಬರುವ ‘ನನ್ನ ದೇವರೇ’ ಎಂಬುದಕ್ಕೆ ಮಾರ್ಕನ ಸುವಾರ್ತೆ ‘ಎಲೋಯ್’ ಎನ್ನುತ್ತದೆ, ಮತ್ತಾಯನದು ‘ಏಲೀ’. ಅಲ್ಲಿ ನಿಂತವರು ಪ್ರವಾದಿ ಎಲೀಯನನ್ನು ಕರೆಯುತ್ತಿದ್ದಾನೆ ಎಂದು ತಪ್ಪು ತಿಳಿಯುವುದು ‘ಏಲೀ’ ಎಂದು ಕೇಳಿಸಿದ್ದರೆ ಹೆಚ್ಚು ಹೊಂದುತ್ತದೆ. ಮಾರ್ಕ ಇನ್ನೂ ಎರಡು ಮಾತುಗಳನ್ನು ಮೂಲದಲ್ಲೇ ಉಳಿಸಿದ್ದಾನೆ: ಸತ್ತಳೆಂದುಕೊಂಡ ಹುಡುಗಿಗೆ ‘ತಲಿಥಾ ಕೂಮ್’, ಹುಡುಗಿ, ಏಳು, ಕಿವುಡನಿಗೆ ‘ಎಪ್ಫಥಾ’, ತೆರೆ. ಮಂತ್ರವಲ್ಲ, ಬೆಳಿಗ್ಗೆ ಮಕ್ಕಳನ್ನು ಎಬ್ಬಿಸುವಾಗ ಆಡುವಂಥ ಮಾತುಗಳು.

ಪರಲೋಕ ಪ್ರಾರ್ಥನೆಯ ‘ಮೂಲ ಅರಾಮಿಕ್ ಅನುವಾದ’ ಎಂದು ಓದಿದೆ. ಅದರಲ್ಲಿ ಬ್ರಹ್ಮಾಂಡ, ಕಂಪನ, ಬೆಳಕು ಎಲ್ಲ ಇದೆ.

ಅದನ್ನು ಕವಿತೆ ಎಂದು ಓದಿ, ಅನುವಾದ ಎಂದು ಓದಬೇಡಿ. ಯೇಸು ಅರಾಮಿಕ್‌ನಲ್ಲಿ ಆಡಿದ ಪ್ರಾರ್ಥನೆಯ ಪಾಠ ಉಳಿದುಬಂದಿಲ್ಲ. ನಮಗಿರುವುದು ಗ್ರೀಕ್ ಸುವಾರ್ತೆಗಳು ಮತ್ತು ಆ ಗ್ರೀಕಿನಿಂದ ನಂತರ ಸುರಿಯಾನಿಗೆ ಬಂದ ಪಾಠ. ಪಶ್ಚಿಮದ ಉಚ್ಚಾರದಲ್ಲಿ ಅದು ಶುರುವಾಗುವುದು ಹೀಗೆ: ‘ಅಬೂನ್ ದ್‌ಬಶ್ಮಯೋ, ನೆತ್‌ಕದಶ್ ಶ್ಮೋಖ್’. ಅಬೂನ್ ಎಂದರೆ ನಮ್ಮ ತಂದೆ, ದ್‌ಬಶ್ಮಯೋ ಎಂದರೆ ಆಕಾಶದಲ್ಲಿರುವ. ಉಳಿದದ್ದು ‘ನಿನ್ನ ಹೆಸರು ಪವಿತ್ರವೆನಿಸಲಿ’. ಇದರಲ್ಲಿ ಕಂಪನ ಎಲ್ಲಿಂದ ಬರಬೇಕು?

ಗುಟ್ಟು ಬೇಕೇಬೇಕು ಎನ್ನುವವರಿಗೆ ಒಂದು ನಿಜವಾದದ್ದು ಇದೆ. ಅರಾಮಿಕ್‌ನಲ್ಲಿ ಸಾಲಕ್ಕೂ ಪಾಪಕ್ಕೂ ಒಂದೇ ಪದ: ಹೋಬಾ, ಸುರಿಯಾನಿಯಲ್ಲಿ ಹವ್ಬಾ. ಹೀಗಾಗಿಯೇ ಮತ್ತಾಯನ ಗ್ರೀಕಿನಲ್ಲಿ ‘ನಮ್ಮ ಸಾಲಗಳನ್ನು ಮನ್ನಿಸು’ ಎಂದಿದ್ದರೆ ಲೂಕನಲ್ಲಿ ‘ನಮ್ಮ ಪಾಪಗಳನ್ನು’ ಎಂದಾಯಿತು. ಕನ್ನಡದಲ್ಲಿ ಜಪಿಸುವಾಗ ನಾವು ‘ತಪ್ಪು’ ಎನ್ನುತ್ತೇವೆ. ನನ್ನನ್ನು ಕೇಳಿದ್ದರೆ ‘ಋಣ’ ಎನ್ನುತ್ತಿದ್ದೆ. ಬ್ಯಾಂಕಿಗೂ ಸಲ್ಲುತ್ತದೆ, ಜನ್ಮಕ್ಕೂ ಸಲ್ಲುತ್ತದೆ.

‘ದೇವರು ಪ್ರೀತಿ’ ಎಂದು ಅರಾಮಿಕ್‌ನಲ್ಲಿ ಹಚ್ಚೆ ಹಾಕಿಸಿಕೊಳ್ಳಬೇಕು. ಬರೆದುಕೊಡುತ್ತೀರಾ?

ಸುರಿಯಾನಿಯಲ್ಲಿ ‘ಅಲಾಹಾ ಹುಬ್ಬಾ ಹೂ’. ಹುಬ್ಬಾ ಎಂದರೆ ಪ್ರೀತಿ. ಈಗ ಮೇಲಿನ ಉತ್ತರವನ್ನು ಇನ್ನೊಮ್ಮೆ ಓದಿ. ಈ ಲಿಪಿಯಲ್ಲಿ ಸ್ವರಚಿಹ್ನೆಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ‘ಹುಬ್ಬಾ’ವನ್ನೂ ‘ಹವ್ಬಾ’ವನ್ನೂ ಬರೆಯುವುದು ಅವೇ ನಾಲ್ಕು ಅಕ್ಷರಗಳಿಂದ. ಸ್ವರದ ಚುಕ್ಕೆ ಹಾಕದೆ ಹಚ್ಚೆ ಹಾಕಿಸಿಕೊಂಡರೆ ಓದುವವನು ‘ದೇವರು ಪ್ರೀತಿ’ ಎಂದಾದರೂ ಓದಬಹುದು, ‘ದೇವರು ಸಾಲ’ ಎಂದಾದರೂ ಓದಬಹುದು. ಜೊತೆಗೆ ಇದು ಬಲದಿಂದ ಎಡಕ್ಕೆ ಬರೆಯುವ, ಅಕ್ಷರಕ್ಕೆ ಅಕ್ಷರ ಕೂಡಿಕೊಳ್ಳುವ ಲಿಪಿ. ಕಂಪ್ಯೂಟರಿನಿಂದ ನಕಲು ಮಾಡುವಾಗ ಅಕ್ಷರಗಳು ಬಿಡಿಬಿಡಿಯಾಗಿ, ತಿರುವುಮುರುವಾಗಿ ಬೀಳುವುದುಂಟು. ಕಾಗದದ ಮೇಲೆ ಬರೆದುಕೊಡುತ್ತೇನೆ. ತೋಳು ನಿಮ್ಮದು.

ಪವಿತ್ರಾತ್ಮ ಅರಾಮಿಕ್‌ನಲ್ಲಿ ಸ್ತ್ರೀಯೇ?

‘ರೂಹಾ’ ವ್ಯಾಕರಣದಲ್ಲಿ ಸ್ತ್ರೀಲಿಂಗ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಅಲ್ಲಿ ಹಾಗಲ್ಲ, ಹಿಂದಿಯಲ್ಲಿ ಕಿತಾಬು ಸ್ತ್ರೀಲಿಂಗವಾದಂತೆ. ಅದರಿಂದಲೇ ಏನನ್ನೂ ಸಾಧಿಸಲಾಗದು. ಆದರೂ ಹಳೆಯ ಸುರಿಯಾನಿ ಲೇಖಕರು ಆ ವ್ಯಾಕರಣದ ಬೆನ್ನು ಹತ್ತಿ ಹೋದದ್ದುಂಟು: ನಾಲ್ಕನೆಯ ಶತಮಾನದ ಅಫ್ರಹಾತ್ ದೇವರನ್ನು ತಂದೆ ಎಂದೂ ಪವಿತ್ರಾತ್ಮವನ್ನು ತಾಯಿ ಎಂದೂ ಬರೆಯುತ್ತಾನೆ. ಮುಂದಿನ ಶತಮಾನಗಳಲ್ಲಿ ಗ್ರೀಕ್ ಚಿಂತನೆಯ ಒತ್ತಡದಿಂದ, ಪವಿತ್ರಾತ್ಮನ ಅರ್ಥದಲ್ಲಿ ಮಾತ್ರ ರೂಹಾವನ್ನು ಪುಲ್ಲಿಂಗವಾಗಿ ಬಳಸತೊಡಗಿದರು. ಅದೇ ಪದಕ್ಕೆ ಗಾಳಿ, ಉಸಿರು ಎಂಬ ಅರ್ಥಗಳೂ ಇವೆ. ನಮ್ಮ ಹಳ್ಳಿಗಳಲ್ಲಿ ‘ಗಾಳಿ ಸೋಕಿದೆ’ ಎಂದರೆ ಅದು ಹವಾಮಾನದ ಮಾತಲ್ಲವಷ್ಟೇ?

ಯೇಸುವಿನ ಮಾತಿನಲ್ಲಿ, ಧನವಂತ ದೇವರ ರಾಜ್ಯ ಸೇರುವುದಕ್ಕಿಂತ ಸುಲಭವಾಗಿ ಸೂಜಿಯ ಕಣ್ಣಿನಲ್ಲಿ ನುಗ್ಗುವುದು ಒಂಟೆಯಲ್ಲ, ಹಗ್ಗವಂತೆ?

ಸುರಿಯಾನಿಯ ನಂತರದ ನಿಘಂಟುಕಾರರು ‘ಗಮ್ಲಾ’ಕ್ಕೆ ದಪ್ಪ ಹಗ್ಗ ಎಂಬ ಅರ್ಥವನ್ನೂ ಕೊಟ್ಟಿದ್ದಾರೆ, ನಿಜ. ಆದರೆ ಸಾಮಾನ್ಯ ಅರ್ಥ ಒಂಟೆಯೇ. ತಾಲ್ಮುದಿನಲ್ಲಿ ಇದೇ ಬಗೆಯ ಮಾತು ಬರುವಾಗ ಸೂಜಿಯ ಕಣ್ಣಿನಲ್ಲಿ ತೂರುವುದು ‘ಪೀಲಾ’, ಅಂದರೆ ಆನೆ. ಅಸಾಧ್ಯವನ್ನು ಹೇಳಲು ಊರಿನ ದೊಡ್ಡ ಪ್ರಾಣಿಯನ್ನು ತರುವುದು ವಾಡಿಕೆ. ಆನೆಗೆ ಯಾರೂ ಹಗ್ಗ ಎಂದು ಅರ್ಥ ಹೇಳಿಲ್ಲ.

ಅಬ್ರಕಡಬ್ರ ಅರಾಮಿಕ್ ಪದವೇ?

‘ನಾನು ನುಡಿದಂತೆ ಸೃಷ್ಟಿಸುತ್ತೇನೆ’ ಎಂಬ ಅರ್ಥ ಹೇಳುತ್ತಾರೆ. ಸಾಬೀತಾಗಿಲ್ಲ. ಮೊದಲು ಕಾಣಿಸುವುದು ಜ್ವರಕ್ಕೆ ತಾಯಿತ ಹೇಳುವ ಒಂದು ಲ್ಯಾಟಿನ್ ವೈದ್ಯಪದ್ಯದಲ್ಲಿ.

ನಾವು ಇಡುವ ಹೆಸರುಗಳಲ್ಲಿ ಅರಾಮಿಕ್ ಯಾವುವು?

ತೋಮ ಎಂದರೆ ಅವಳಿ. ಸುವಾರ್ತೆಯಲ್ಲಿ ಅವನಿಗೆ ‘ದಿದುಮ’ ಎಂಬ ಗ್ರೀಕ್ ಹೆಸರೂ ಇದೆ, ಅದರ ಅರ್ಥವೂ ಅವಳಿಯೇ. ಕೇಫ ಎಂದರೆ ಬಂಡೆ. ಪೇತ್ರ ಅದರ ಗ್ರೀಕ್ ರೂಪ. ಮಾರ್ಥ ಎಂದರೆ ಯಜಮಾನಿ, ಮಾರಾ ಪದದ ಸ್ತ್ರೀಲಿಂಗ. ಸುವಾರ್ತೆಯ ಕಥೆಯಲ್ಲಿ ಅಡುಗೆಮನೆಯ ಭಾರವೆಲ್ಲ ಅವಳ ಮೇಲೆಯೇ ಬೀಳುತ್ತದೆ. ತಬಿಥಾ ಎಂದರೆ ಜಿಂಕೆ. ‘ಬರ್’ ಎಂದರೆ ಮಗ, ಬರಬ್ಬನು ‘ಅಪ್ಪನ ಮಗ’. ಕನ್ನಡ ಬೈಬಲಿನ ‘ಮನುಷ್ಯಕುಮಾರ’ದ ಹಿಂದೆ ಇರುವುದು ‘ಬರ್ ಎನಾಶ್’. ದಿನಬಳಕೆಯಲ್ಲಿ ಅದಕ್ಕೆ ನರಮನುಷ್ಯ ಎಂದಷ್ಟೇ ಅರ್ಥ. ಬೈಬಲಿನ ದಾನಿಯೇಲನ ದರ್ಶನದಲ್ಲಿ ಬಂದ ನಂತರ ಆ ಸರಳ ಮಾತಿಗೆ ದೊಡ್ಡ ಭಾರ ಬಂತು.

ಈಗಲೂ ಈ ಭಾಷೆ ಆಡುವವರಿದ್ದಾರೆಯೇ? ನಮಸ್ಕಾರ ಹೇಗೆ ಹೇಳುವುದು?

ಇದ್ದಾರೆ. ಉತ್ತರ ಇರಾಕಿನ ನಿನೆವೆ ಬಯಲಿನ ಅಲ್‌ಕೋಶ್, ಕರಾಕೋಶ್‌ಗಳಲ್ಲಿ ಆಡುವುದು ಸುರೇತ್. ತುರ್ಕಿಯ ತೂರ್ ಅಬ್ದೀನಿನದು ತೂರೋಯೋ. ಡಮಾಸ್ಕಸ್‌ಗೆ ಉತ್ತರದ ಬೆಟ್ಟಗಳಲ್ಲಿರುವ ಮಾಲೂಲಾ, ಬಖ್ಅ, ಜುಬ್ಅದೀನ್ ಎಂಬ ಮೂರು ಊರುಗಳಲ್ಲಿ ಪಶ್ಚಿಮದ ಅರಾಮಿಕ್ ಈ ಕಾಲದವರೆಗೂ ಉಳಿದುಬಂತು. ಮಾಲೂಲಾದಲ್ಲಿ ಹೆಚ್ಚಿನವರು ಕ್ರೈಸ್ತರು, ಉಳಿದೆರಡರಲ್ಲಿ ಮುಸ್ಲಿಮರು. 2013ರಲ್ಲಿ ಮಾಲೂಲಾದ ಮೇಲೆ ದಾಳಿಯಾಯಿತು, ಮರುವರ್ಷ ನಿನೆವೆ ಬಯಲಿನ ಊರುಗಳಿಂದ ಐಸಿಸ್ ಜನರನ್ನು ಓಡಿಸಿತು. ಇಂದು ಸ್ವೀಡನ್ನಿನ ಸೋಡರ್‌ಟೇಲ್ಯೆ, ಅಮೆರಿಕದ ಷಿಕಾಗೊ, ಡೆಟ್ರಾಯಿಟ್‌ಗಳಲ್ಲಿ ಈ ಮಾತು ಕೇಳಿಸುತ್ತದೆ.

ಸುರೇತ್‌ನಲ್ಲಿ ನಮಸ್ಕಾರಕ್ಕೆ ಗಂಡಸಿಗೆ ‘ಶ್ಲಾಮಾ ಲೋಖ್’, ಹೆಂಗಸಿಗೆ ‘ಶ್ಲಾಮಾ ಲಾಖ್’, ಶಾಂತಿ ನಿನಗಿರಲಿ. ಕೃತಜ್ಞತೆಗೆ ‘ಬಸೀಮಾ’, ತೂರೋಯೋದಲ್ಲಿ ‘ತಾವ್ದಿ’. ನೀರು ಮಯ್ಯಾ, ಮನೆ ಬೈತಾ. ಲಹ್ಮಾ ಎಂದರೆ ರೊಟ್ಟಿ. ಅರಬ್ಬಿಯಲ್ಲಿ ‘ಲಹ್ಮ್’ ಎಂದರೆ ಮಾಂಸ, ಹೋಟೆಲಿನಲ್ಲಿ ಎಚ್ಚರ.

ಕನ್ನಡಕ್ಕೆ ಅರಾಮಿಕ್‌ನಿಂದ ಪದಗಳು ಬಂದಿವೆಯೇ?

ನೇರವಾಗಿ ಅಲ್ಲ, ಅರಬ್ಬಿ–ಪಾರಸಿಗಳ ಕೈ ದಾಟಿ ಬಂದಿವೆ. ನನ್ನ ಮೆಚ್ಚಿನದು ‘ತರ್ಜುಮೆ’. ಸಭಾಮಂದಿರದಲ್ಲಿ ಹೀಬ್ರೂ ಗ್ರಂಥ ಓದಿದ ಮೇಲೆ ಜನರಿಗಾಗಿ ಅರಾಮಿಕ್‌ನಲ್ಲಿ ಹೇಳುತ್ತಿದ್ದ ಅನುವಾದದ ಹೆಸರು ‘ತರ್ಗುಮ್’. ಅರಬ್ಬಿಗೆ ಹೋಗಿ ತರ್ಜಮಾ, ನಮ್ಮಲ್ಲಿಗೆ ಬಂದು ತರ್ಜುಮೆ. ‘ಕಂದೀಲು’ ಇನ್ನೂ ದೂರದ ಪಯಣಿಗ: ಲ್ಯಾಟಿನ್, ಗ್ರೀಕ್, ಅರಾಮಿಕ್, ಅರಬ್ಬಿ, ಆಮೇಲೆ ನಮ್ಮ ಜಗಲಿಯ ಮೊಳೆ. ಬಕ್ರೀದಿನ ‘ಕುರ್ಬಾನಿ’ಗೂ ಕೇರಳದ ಸುರಿಯಾನಿ ಕ್ರೈಸ್ತರ ಪೂಜೆಯಾದ ‘ಕುರ್ಬಾನ’ಕ್ಕೂ ಬೇರು ಒಂದೇ: ಕ-ರ-ಬ, ಹತ್ತಿರ ಬರುವುದು. ‘ಮಸೀದಿ’ಯ ಪೂರ್ವಜನಾದ ‘ಮಸ್ಗಿದಾ’ ಇಸ್ಲಾಮಿಗೆ ಸಾವಿರ ವರ್ಷ ಮೊದಲೇ ಈಜಿಪ್ಟಿನ ಎಲೆಫಂಟೈನ್ ದ್ವೀಪದ ಯೆಹೂದಿಗಳ ಅರಾಮಿಕ್ ಕಾಗದಗಳಲ್ಲಿದೆ. ಬೇರಿನ ಅರ್ಥ ಬಾಗಿ ನಮಿಸುವುದು.

ಕರ್ನಾಟಕದಲ್ಲಿ ಇದರ ಕುರುಹು ನೋಡಲು ಸಿಗುತ್ತದೆಯೇ?

ಬೆಳ್ತಂಗಡಿ, ಭದ್ರಾವತಿ, ಮಂಡ್ಯಗಳಲ್ಲಿ ಕೇರಳದ ಸುರಿಯಾನಿ ಪರಂಪರೆಯ ಸೀರೊ ಮಲಬಾರ್ ಸಭೆಯ ಧರ್ಮಪ್ರಾಂತ್ಯಗಳಿವೆ. ಅವುಗಳ ಬಿಷಪರ ಹೆಸರಿನ ಮುಂದಿರುವ ‘ಮಾರ್’ ಮೇಲೆ ಹೇಳಿದ ಒಡೆಯನೇ. ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿ ಕೊಂಕಣಿ ಮಾತನಾಡುವ, ಸುರಿಯಾನಿ ಪರಂಪರೆಯ ಆರ್ಥಡಾಕ್ಸ್ ಕ್ರೈಸ್ತ ಸಮುದಾಯವಿದೆ. 1889ರಲ್ಲಿ ಕೋಟ್ಟಯಂನಲ್ಲಿ ಬಿಷಪರಾದ ಗೋವಾ ಮೂಲದ ಅಲ್ವಾರಿಸ್ ಮಾರ್ ಜೂಲಿಯಸ್ ಅವರ ಚಳವಳಿಯಿಂದ ಹುಟ್ಟಿದ್ದು.

ಆದರೆ ಹೋಗಿ ನೋಡಬೇಕಾದದ್ದು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿದೆ. ಅಶೋಕನ ಶಾಸನಗಳಲ್ಲಿ ಅರಾಮಿಕ್‌ನವೂ ಇವೆ. ಕಂದಹಾರದಲ್ಲಿ 1958ರಲ್ಲಿ ಸಿಕ್ಕ ಗ್ರೀಕ್–ಅರಾಮಿಕ್ ಶಾಸನ ಅವನನ್ನು ‘ನಮ್ಮೊಡೆಯ ಪ್ರಿಯದರ್ಶಿ ಅರಸ’ ಎನ್ನುತ್ತದೆ. ಒಡೆಯನಿಗೆ ಅಲ್ಲಿರುವ ಪದ ‘ಮಾರನ್’, ಅರಸನಿಗೆ ‘ಮಲ್ಕಾ’. ಆ ವಾಯವ್ಯದ ಸೀಮೆಯಲ್ಲಿ ಅರಾಮಿಕ್ ಅಕ್ಷರಗಳಿಂದ ಬೆಳೆದ ಲಿಪಿ ಖರೋಷ್ಠಿ. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಬ್ರಹ್ಮಗಿರಿಯ ಶಾಸನ ಪ್ರಾಕೃತದಲ್ಲಿ, ಬ್ರಾಹ್ಮೀ ಲಿಪಿಯಲ್ಲಿದೆ. ಕೊನೆಯಲ್ಲಿ ಲಿಪಿಕಾರ ತನ್ನ ಹೆಸರು ಹೇಳಿಕೊಂಡಿದ್ದಾನೆ: ಚಪಡ ಬರೆದದ್ದು. ‘ಲಿಪಿಕಾರನಿಂದ’ ಎಂಬ ಅರ್ಥದ ‘ಲಿಪಿಕರೇಣ’ ಎಂಬ ಒಂದು ಪದವನ್ನು ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆದಿಲ್ಲ. ಅದು ಖರೋಷ್ಠಿಯಲ್ಲಿದೆ. ಐದೇ ಅಕ್ಷರ, ಬಲದಿಂದ ಎಡಕ್ಕೆ ಓದಿಕೊಳ್ಳಬೇಕು.